ಮೆದಕಿನಲ್ಲಿ ಒಂದು ರವಿವಾರ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ರಜೆ ಬಂತೆಂದರೆ ಇರುವುದು ಎರಡೇ ದಾರಿ. ಒಂದು, ಊರಿಗೆ ಹೋಗುವುದು. ಇನ್ನೊಂದು, ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಚಾರ್ಮಿನಾರ್, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಗೋಲ್ಕೊಂಡ ಎಂದು ತಿರುಗುವುದು. ನನ್ನ ಮಟ್ಟಿಗೆ ಮೊದಲನೆಯ ದಾರಿ ಮೂರು ವರ್ಷಗಳಿಂದ ಮುಚ್ಚಿಹೋಗಿತ್ತು. ಬಸ್ಸು ಇರಲಿಲ್ಲವೆಂದಲ್ಲ, ಬೀದರಿಗೆ ಇಲ್ಲಿಂದ ಸುಮಾರು 140 ಕಿಲೋಮೀಟರು, ಬಸ್ಸುಗಳಿಗೇನೂ ಬರವಿಲ್ಲ. ಹೋಗುವ ಮನಸ್ಸು ಇರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಹೇಳದೆ ಮುಚ್ಚಿಡಬಹುದಾಗಿತ್ತು, ಆದರೆ ಹಾಗೆ ಮಾಡಿದರೆ ಈ ಪ್ರವಾಸದ ಲೇಖನ ಬರಿಯ ಕಲ್ಲು ಗಾಜುಗಳ ವರ್ಣನೆಯಾದೀತು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯರು ಮೆದಕಿನವರು, ಕ್ರೈಸ್ತರು. ಎಂಟು ವರ್ಷಗಳಿಂದ ನಾವಿಬ್ಬರೂ ಒಂದೇ ಫ್ಯಾನಿನ ಕೆಳಗೆ ಕುಳಿತು ಕಡತಗಳನ್ನು ನೋಡುತ್ತಿದ್ದೇವೆ; ಮಧ್ಯಾಹ್ನ ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರು ಕೈಹಾಕುತ್ತೇವೆ. ಪ್ರತಿವರ್ಷವೂ ಅವರು, “ಒಮ್ಮೆ ನಮ್ಮ ಊರಿನ ಚರ್ಚು ನೋಡಲು ಬನ್ನಿ” ಎನ್ನುವರು. ಪ್ರತಿವರ್ಷವೂ ನಾನು, “ಖಂಡಿತ” ಎನ್ನುವೆನು. ಗುಮಾಸ್ತರ ‘ಖಂಡಿತ’ ಎಷ್ಟು ಗಟ್ಟಿಯೆಂಬುದು ಓದುಗರಿಗೆ ಗೊತ್ತೇ ಇದೆ. 2024ರ ಡಿಸೆಂಬರಿನಲ್ಲಿ ಮಾತ್ರ ಅವರು ಬಿಡಲಿಲ್ಲ. ಆ ತಿಂಗಳ 25ಕ್ಕೆ ಚರ್ಚಿಗೆ ನೂರು ವರ್ಷ ತುಂಬುವುದಿತ್ತು. “ಆ ದಿನ ಜನಜಾತ್ರೆ. ಒಳಗೆ ಕಾಲಿಡಲೂ ಆಗದು. ಹಿಂದಿನ ರವಿವಾರವೇ ಬಂದುಬಿಡಿ, ಊಟ ನಮ್ಮ ಮನೆಯಲ್ಲಿ” ಎಂದರು. ಊಟದ ಮಾತು ಬಂದ ಮೇಲೆ ನಾನು ವಾದಿಸಲಿಲ್ಲ.

ಹಾಗೆ ಡಿಸೆಂಬರ್ 22ರ ರವಿವಾರ, ಇನ್ನೂ ಬೆಳಕು ಹರಿಯುವ ಮುಂಚೆಯೇ ಸಿಕಂದರಾಬಾದಿನ ಜುಬಿಲಿ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು. ಮೆದಕಿಗೆ ಸುಮಾರು 100 ಕಿಲೋಮೀಟರು. ಕಾರ್ಖಾನೆಗಳ ಸಾಲು ಮುಗಿದ ಮೇಲೆ ಊರು ಬಿಡುಗಡೆ ಕೊಟ್ಟಂತಾಯಿತು. ನರಸಾಪುರದ ಕಾಡು ಬಂದಾಗ ಕಿಟಕಿಯಿಂದ ಚಳಿಗಾಳಿ ನುಗ್ಗಿತು. ನಾನು ಕಿವಿಗೆ ಮಫ್ಲರ್ ಸುತ್ತಿಕೊಂಡೆ. ಕಾಡು ದಾಟಿದರೆ ಭತ್ತದ ಗದ್ದೆಗಳು, ಕೆರೆಗಳು, ಕೆರೆಯ ಏರಿಯ ಮೇಲೆ ತಾಳೆಮರಗಳು.

ಮೆದಕ್ ಎಂಬ ಹೆಸರು ‘ಮೆತುಕು’ ಎಂಬ ತೆಲುಗು ಮಾತಿನಿಂದ ಬಂದುದೆಂದು ಅಲ್ಲಿಯವರು ಹೇಳುತ್ತಾರೆ. ಮೆತುಕು ಎಂದರೆ ಅನ್ನದ ಅಗುಳು. ಗುಡ್ಡದ ಮೇಲೆ ಕಾಕತೀಯರ ಕಾಲದ ಕೋಟೆಯೊಂದಿದೆ. ಅದಕ್ಕೂ ಮೆತುಕುದುರ್ಗವೆಂದೇ ಹಳೆಯ ಹೆಸರು. ಶೂರರ ಹೆಸರಿನ ಊರು, ದೇವರ ಹೆಸರಿನ ಊರು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಒಂದು ಅಗುಳಿನ ಹೆಸರಿನ ಊರನ್ನು ನಾನು ನೋಡಿದ್ದು ಇದೇ ಮೊದಲು.

ಈ ಊರಿಗೂ ನಮ್ಮ ಬೀದರಿಗೂ ಒಂದು ನಂಟುಂಟು. ಊರಿನ ಹತ್ತಿರ ಹರಿಯುವುದು ಮಂಜೀರಾ. ನಮ್ಮ ಹೊಲಗಳ ಕಡೆ ನಾವು ಮಾಂಜ್ರಾ ಎನ್ನುವ ಅದೇ ನದಿ. ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾದು, ತೆಲಂಗಾಣಕ್ಕೆ ಇಳಿದು, ಸಿಂಗೂರಿನ ಅಣೆಕಟ್ಟಿನಲ್ಲಿ ನಿಂತು, ಹೈದರಾಬಾದಿಗೆ ಕುಡಿಯುವ ನೀರು ಕೊಟ್ಟು ಮುಂದೆ ಇತ್ತ ಬರುತ್ತದೆ. ಮೆದಕಿನ ಹತ್ತಿರ ಏಡುಪಾಯಲ ಎಂಬಲ್ಲಿ ಏಳು ಕವಲಾಗುತ್ತದೆ. ಅಲ್ಲಿ ವನದುರ್ಗೆಯ ಗುಡಿಯಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರವೂ ಮೆದಕವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ಗಡಿ ಬಂತು. ನದಿಗೆ ಮಾತ್ರ ಆ ಸುದ್ದಿ ತಲುಪಿದಂತಿಲ್ಲ.

ಬಸ್ಸು ಊರು ಮುಟ್ಟುವ ಮೊದಲೇ ಚರ್ಚಿನ ಗೋಪುರ ಕಾಣಿಸಿತು. ಎತ್ತರ 175 ಅಡಿ. ಸುತ್ತ ದೊಡ್ಡ ಕಟ್ಟಡಗಳಿಲ್ಲದ ಕಾರಣ ಅದು ಆಕಾಶಕ್ಕೆ ನೆಟ್ಟ ಬಿಳಿಯ ಕಂಬದಂತಿತ್ತು. ಹತ್ತಿರ ಹೋದಂತೆ ಕಟ್ಟಡದ ಗಾತ್ರ ತಿಳಿಯಿತು: ಉದ್ದ 200 ಅಡಿ, ಅಗಲ 100 ಅಡಿ, ಐದು ಸಾವಿರ ಜನ ಕೂಡಬಹುದೆಂದು ಹೇಳುತ್ತಾರೆ. ನೂರರ ಹಬ್ಬಕ್ಕೆಂದು ಸುಣ್ಣಬಣ್ಣ ನಡೆದಿತ್ತು. ಅಂಗಳದಲ್ಲಿ ಬಿದಿರು, ದೀಪದ ಸರ, ಶಾಮಿಯಾನದ ಬಟ್ಟೆಗಳು ರಾಶಿಬಿದ್ದಿದ್ದವು. ನಮ್ಮ ಕಡೆಯ ಜಾತ್ರೆಗೆ ಮುಂಚೆ ಗುಡಿಯ ಮುಂದೆ ಕಾಣುವ ಗಡಿಬಿಡಿಯೇ ಅಲ್ಲಿಯೂ ಇತ್ತು.

ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗೆ ಹೋದೆವು. ಆರಾಧನೆಗೆ ಇನ್ನೂ ಹೊತ್ತಿತ್ತು. ನೆಲದ ಬಣ್ಣದ ಹೆಂಚುಗಳು ಇಂಗ್ಲೆಂಡಿನಿಂದ ಬಂದವಂತೆ. ಕಾಲಿಗೆ ತಣ್ಣಗೆ ಹತ್ತಿದವು. ಎದುರಿಗೆ ಒಂದು, ಎಡಬಲಕ್ಕೆ ಒಂದೊಂದು, ಹೀಗೆ ಮೂರು ದೊಡ್ಡ ಬಣ್ಣದ ಗಾಜಿನ ಕಿಟಕಿಗಳು. ಎಡಗಡೆ ಏಸುವಿನ ಜನನ, ಬಲಗಡೆ ಶಿಲುಬೆ, ನಡುವೆ ಸ್ವರ್ಗಾರೋಹಣ. ಇವುಗಳ ಚಿತ್ರ ಬರೆದವರು ಫ್ರಾಂಕ್ ಸಾಲಿಸ್ಬರಿ ಎಂಬ ಇಂಗ್ಲೆಂಡಿನ ಪ್ರಸಿದ್ಧ ಕಲಾವಿದರು. ಈ ಕಿಟಕಿಗಳ ವಿಶೇಷವೆಂದರೆ ಚಿತ್ರ ಕಾಣುವುದು ಹಗಲಿನಲ್ಲಿ ಮಾತ್ರ. ಹೊರಗಿನ ಬೆಳಕು ಬಂದರೆ ಉಂಟು, ಇಲ್ಲವಾದರೆ ಇಲ್ಲ. ಒಳಗೆ ಎಷ್ಟು ದೀಪ ಹಚ್ಚಿದರೂ ಪ್ರಯೋಜನವಿಲ್ಲ.

ಈ ಚರ್ಚನ್ನು ಕಟ್ಟಿಸಿದವರು ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ವೆಸ್ಲಿಯನ್ ಮೆಥಡಿಸ್ಟ್ ಪಂಗಡದ ಪಾದ್ರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಈ ಊರಿಗೆ ಬಂದಾಗ ಇದ್ದುದು ಹುಲ್ಲು ಹೊದಿಸಿದ ಸಣ್ಣ ಪ್ರಾರ್ಥನಾಮಂದಿರ. 1914ರಲ್ಲಿ ದೊಡ್ಡ ಕಟ್ಟಡದ ಕೆಲಸ ಮೊದಲಾಯಿತು. ಅತ್ತ ಮೊದಲನೆಯ ಮಹಾಯುದ್ಧ; ಇತ್ತ ಈ ಸೀಮೆಯಲ್ಲಿ ಬರಗಾಲ, ರೋಗರುಜಿನ. ಸುತ್ತಿನ ಹಳ್ಳಿಗಳ ಜನ ಅನ್ನವಿಲ್ಲದೆ ಗುಳೆ ಹೋಗುತ್ತಿದ್ದ ಕಾಲ. ಪಾಸ್ನೆಟ್ಟರು ಅವರಿಗೆ ಕಟ್ಟಡದ ಕೆಲಸ ಕೊಟ್ಟು, ಅದಕ್ಕೆ ಪ್ರತಿಯಾಗಿ ಅನ್ನ ಕೊಟ್ಟರು. ಹತ್ತು ವರ್ಷ ಹೀಗೆ ಕೆಲಸ ನಡೆದು, 1924ರ ಡಿಸೆಂಬರ್ 25ರಂದು ಚರ್ಚಿನ ಪ್ರತಿಷ್ಠೆಯಾಯಿತು. 1947ರಲ್ಲಿ ದಕ್ಷಿಣದ ಕೆಲವು ಪ್ರೊಟೆಸ್ಟಂಟ್ ಸಭೆಗಳು ತಮ್ಮ ಹಳೆಯ ಭೇದಗಳನ್ನು ಬಿಟ್ಟು ‘ದಕ್ಷಿಣ ಭಾರತ ಸಭೆ’ಯೆಂದು ಒಂದಾದ ಮೇಲೆ, ಇದು ಮೆದಕ್ ಬಿಷಪ್ಪರ ಪೀಠವಿರುವ ದೇವಾಲಯವಾಯಿತು.

ನನ್ನ ಮನಸ್ಸಿನಲ್ಲಿ ಒಂದು ಸಂಶಯ ಹುಟ್ಟಿತು. ಗೆಳೆಯರ ಮುಂದೆ ಮುಚ್ಚಿಡಲಿಲ್ಲ. “ಹಸಿದವರಿಗೆ ಸುಮ್ಮನೆ ಅನ್ನ ಹಾಕಬಹುದಾಗಿತ್ತಲ್ಲ? ಹೊಟ್ಟೆಗಿಲ್ಲದವರ ಕೈಯಲ್ಲಿ ಕಲ್ಲು ಹೊರಿಸುವುದೇ?” ಎಂದೆ.

ಅವರಿಗೆ ಬೇಸರವಾಗಲಿಲ್ಲ. “ನಾನೂ ಹುಡುಗನಾಗಿದ್ದಾಗ ಇದನ್ನೇ ಕೇಳಿದ್ದೆ. ನಮ್ಮ ಮುತ್ತಜ್ಜಿ ಇಲ್ಲಿ ಗಾರೆ ಹೊತ್ತವಳು. ‘ತಟ್ಟೆ ಹಿಡಿದು ನಿಂತಿದ್ದರೆ ನಾವು ಭಿಕ್ಷುಕರಾಗುತ್ತಿದ್ದೆವು, ಬುಟ್ಟಿ ಹಿಡಿದದ್ದರಿಂದ ಕೂಲಿಯವರಾದೆವು’ ಎಂದು ಅವಳು ಹೇಳುತ್ತಿದ್ದಳಂತೆ” ಎಂದರು.

ಬಸವಕಲ್ಯಾಣದ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಕೇಳಿ ಬೆಳೆದದ್ದು ನಿಜ. ನಡೆಸಿಕೊಂಡು ಬಂದದ್ದೆಷ್ಟು ಎಂಬುದು ಬೇರೆಯ ಪ್ರಶ್ನೆ.

ಆರಾಧನೆ ತೆಲುಗಿನಲ್ಲಿ ನಡೆಯಿತು. ಹಾಡುವಾಗ ಎಲ್ಲರೂ ಹಾಡುತ್ತಿದ್ದರು. ಸ್ವರ ಬಾರದವರೂ ಹಿಂಜರಿಯಲಿಲ್ಲ. ಏಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಎದ್ದು ನಿಂತು ಹೇಳಿದರು. ಗೆಳೆಯರು ಮೆಲ್ಲಗೆ ಅರ್ಥ ಹೇಳುತ್ತ ಹೋದರು. ಅದರಲ್ಲಿ ದೇವರನ್ನು ಬೇಡುವ ಆಹಾರ ಆ ದಿನದ್ದು ಮಾತ್ರ. ನಾಳೆಯದಲ್ಲ, ಮುಂದಿನ ವರ್ಷದ್ದಲ್ಲ. ಅದರ ಬೆನ್ನಿಗೇ ಕ್ಷಮೆಯ ಮಾತು ಬರುತ್ತದೆ. ನಾವು ಬೇರೆಯವರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸೆಂಬ ಬೇಡಿಕೆ. ನನ್ನ ಕಚೇರಿಯ ಬುದ್ಧಿಗೆ ಇದು ವಿಚಿತ್ರವಾಗಿ ಕಂಡಿತು. ಅರ್ಜಿಯಲ್ಲಿಯೇ ಅರ್ಜಿದಾರನು ತನ್ನ ಮೇಲೆ ಷರತ್ತು ಹಾಕಿಕೊಂಡಿದ್ದಾನೆ! ತಾನು ಕ್ಷಮಿಸದಿದ್ದರೆ ತನ್ನ ಅರ್ಜಿಯನ್ನು ತಾನೇ ತಳ್ಳಿಹಾಕಿಕೊಂಡಂತೆ.

ಮಧ್ಯಾಹ್ನ ಗೆಳೆಯರ ಮನೆ. ಎರಡು ಕೋಣೆಯ ಹಂಚಿನ ಮನೆ, ಅಂಗಳದಲ್ಲಿ ಕರಿಬೇವು, ಒಂದು ಸೀತಾಫಲದ ಗಿಡ. ಅವರ ತಾಯಿಗೆ ಎಪ್ಪತ್ತು ದಾಟಿದೆ. “ಬಾ ಬಿಡ್ಡಾ” ಎಂದು ಕರೆದು ತಾವೇ ಮುಂದೆ ಕುಳಿತು ಬಡಿಸಿದರು. ಅನ್ನ, ಪಪ್ಪು, ಗೋಂಗೂರ ಚಟ್ನಿ, ಮಜ್ಜಿಗೆ. ನಾನು ಮಾಂಸ ತಿನ್ನುವುದಿಲ್ಲವೆಂದು ಆ ದಿನ ಮನೆಯವರೆಲ್ಲರೂ ಸಪ್ಪೆ ಊಟವನ್ನೇ ಉಂಡರು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಾತಿಗೆ ಮಾತು ಬಂದು, ದ್ರಾಕ್ಷಿಯ ತೋಟದ ಕಥೆ ಹೊರಟಿತು. ಏಸು ಹೇಳಿದ ಕಥೆ ಅದು. ತೋಟದ ಯಜಮಾನನೊಬ್ಬ ಬೆಳಗ್ಗೆ ಕೆಲವರನ್ನು ಕೂಲಿಗೆ ಕರೆದ, ಮಧ್ಯಾಹ್ನ ಕೆಲವರನ್ನು, ಹೊತ್ತು ಮುಳುಗಲು ಒಂದು ತಾಸು ಇರುವಾಗ ಇನ್ನೂ ಕೆಲವರನ್ನು. ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟ. ಬೆಳಗಿನಿಂದ ದುಡಿದವರು ಗೊಣಗಿದರು.

“ಗೊಣಗಿದ್ದು ನ್ಯಾಯವೇ ಅಲ್ಲವೇ ಅಮ್ಮಾ?” ಎಂದೆ. “ಈ ಹಾಜರಿ ಪಟ್ಟಿ ನಮ್ಮ ಮೇಜಿಗೆ ಬಂದಿದ್ದರೆ ಆಕ್ಷೇಪಣೆ ಬರೆದು ಹಿಂದಕ್ಕೆ ಕಳಿಸುತ್ತಿದ್ದೆವು.”

ಆಕೆ ನಕ್ಕರು. “ಸಂಜೆ ಬಂದವನನ್ನು ಬೆಳಗಿನಿಂದ ಯಾರೂ ಕರೆದಿರಲಿಲ್ಲ ಬಿಡ್ಡಾ, ಅವನೇನು ಮಲಗಿದ್ದನೇ? ಅಂಗಡಿಬೀದಿಯಲ್ಲಿ ನಿಂತೇ ಇದ್ದ. ಅವನ ಕೆಲಸ ಒಂದು ತಾಸಿನದು. ಅವನ ಮಕ್ಕಳ ಹೊಟ್ಟೆಯೂ ಒಂದು ತಾಸಿನದೇ?”

ನನ್ನ ಬಳಿ ಉತ್ತರವಿರಲಿಲ್ಲ. ಆಕೆ ಮಜ್ಜಿಗೆ ಹಾಕುತ್ತ, “ಊರಲ್ಲಿ ಯಾರ್ಯಾರಿದ್ದಾರೆ?” ಎಂದು ಕೇಳಿದರು.

“ಅವ್ವ ಇದ್ದಾಳೆ. ಅಣ್ಣ ಇದ್ದಾನೆ” ಎಂದೆ.

“ಅಣ್ಣ ಚೆನ್ನಾಗಿದ್ದಾನಾ?”

“ಇದ್ದಾನೆ.”

ಆ ‘ಇದ್ದಾನೆ’ಯಲ್ಲಿ ಆಕೆಗೆ ಏನು ಕೇಳಿಸಿತೋ, ಮತ್ತೆ ಪ್ರಶ್ನೆ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಮ್ಮ ಅಜ್ಜಿಯ ಕಥೆ ಹೇಳಿದರು. ಚರ್ಚು ಕಟ್ಟುವಾಗ ಅಜ್ಜಿಗೂ ಆಕೆಯ ನೆಗೆಣ್ಣಿಗೂ ಮಾತಿರಲಿಲ್ಲ. ಒಂದು ಸೇರು ಜೋಳದ ಜಗಳ. ಗಾರೆಯ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಇಬ್ಬರೂ ಒಂದು ದಿನ ಅಕ್ಕಪಕ್ಕ ನಿಲ್ಲಬೇಕಾಯಿತು. “ಮುಖ ನೋಡದೆ ಬುಟ್ಟಿ ಕೊಡಲು ಹೋದರೆ ಬುಟ್ಟಿ ಕಾಲಮೇಲೆ ಬೀಳುತ್ತದೆ. ಒಮ್ಮೆ ಬಿತ್ತು ಕೂಡ. ಎರಡನೆಯ ಬುಟ್ಟಿಗೆ ಮುಖ ನೋಡಿದರು. ನಾಲ್ಕನೆಯದಕ್ಕೆ ‘ಹುಷಾರು’ ಎಂದಳಂತೆ ನಮ್ಮಜ್ಜಿ. ಅಷ್ಟೇ, ಮಾತು ಶುರುವಾಯಿತು.”

ಇನ್ನು ನನ್ನ ಕಥೆಯನ್ನು ಹೇಳಿಬಿಡಬೇಕು. ಮೂರು ವರ್ಷಗಳ ಹಿಂದೆ ನಮ್ಮ ಅಪ್ಪ ತೀರಿಕೊಂಡರು. ಕೊನೆಯ ಎರಡು ತಿಂಗಳು ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ನೋಡಿಕೊಂಡವನು ಅಣ್ಣ, ನಾನು ಇಲ್ಲಿಂದ ಹಣ ಕಳಿಸಿದೆ. ಅದಕ್ಕೂ ಮುಂಚೆ ಹೊಲದಲ್ಲಿ ಬೋರು ಹಾಕಿಸಲೆಂದು 1,80,000 ರೂಪಾಯಿ ಕಳಿಸಿದ್ದೆ. ತಿಥಿಯೆಲ್ಲ ಮುಗಿದ ಮೇಲೆ, ಬೋರು ಎಲ್ಲಿ ಎಂದು ಕೇಳಿದೆ. ಆ ಹಣವೂ ಅಪ್ಪನ ಔಷಧಕ್ಕೇ ಹೋಯಿತೆಂದ ಅಣ್ಣ. ನಾನು ಲೆಕ್ಕ ತೋರಿಸು ಎಂದೆ. “ಅಪ್ಪನ ಔಷಧಕ್ಕೂ ನಿನಗ ರಶೀದಿ ಬೇಕೇನು?” ಎಂದು ಅವನು ಎದ್ದುಹೋದ. ಅಂದಿನಿಂದ ನಮ್ಮಲ್ಲಿ ಮಾತಿಲ್ಲ. ಫೋನು ಮಾಡಿದರೆ ಅವ್ವ ಮಾತಾಡುವಳು. ಹಿಂದೆ ಅಣ್ಣ ಕೆಮ್ಮುವುದು ಕೇಳಿಸುವುದು. ನಾನು ಒಂದು ಕಡತ ಮಾಡಿದ್ದೆ. ಕಳಿಸಿದ ಹಣದ ಪಟ್ಟಿ, ತಾರೀಖು, ಬ್ಯಾಂಕಿನ ಚೀಟಿ, ಹೊಲದ ಪಹಣಿಯ ಪ್ರತಿ. ನನ್ನ ಪಾಲು ಕೇಳಿ ವಕೀಲರಿಂದ ಕಳಿಸಬೇಕಾದ ನೋಟೀಸಿನ ಕರಡನ್ನೂ ನಾನೇ ಬರೆದಿಟ್ಟಿದ್ದೆ. ಕರಡು ಬಹಳ ಚೆನ್ನಾಗಿತ್ತು. ಒಂದು ತಪ್ಪಿರಲಿಲ್ಲ.

ಸಂಜೆ ಬಸ್ಸಿಗೆ ಮುಂಚೆ ಗೆಳೆಯರೊಡನೆ ಮತ್ತೆ ಚರ್ಚಿನ ಅಂಗಳಕ್ಕೆ ಹೋದೆ. ಬಿಸಿಲು ಇಳಿಯುತ್ತಿತ್ತು. ಒಳಗೆ ಎಡಗಡೆಯ ಕಿಟಕಿಯಲ್ಲಿ ಪಡುವಣ ಬೆಳಕು ತುಂಬಿ, ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಚಿತ್ರ ಹೊಳೆಯುತ್ತಿತ್ತು. ಬಲಗಡೆಯ ಶಿಲುಬೆಯ ಚಿತ್ರ ಮಸುಕಾಗಿತ್ತು. ಬೆಳಗ್ಗೆ ಅದೇ ಹೆಚ್ಚು ಬೆಳಗಿದ್ದುದು. ಅಲ್ಲಿ ಕುಳಿತು ನಾನು ಗೆಳೆಯರಿಗೆ ಎಲ್ಲವನ್ನೂ ಹೇಳಿದೆ. ಎಂಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡರೂ ಇದನ್ನು ಹೇಳಿರಲಿಲ್ಲ.

ಅವರು ಉಪದೇಶ ಮಾಡುವವರಲ್ಲ. “ನಮ್ಮಲ್ಲಿ ಒಂದು ಮಾತಿದೆ. ನೀನು ದೇವರಿಗೆ ಕಾಣಿಕೆ ತಂದಿರುವಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಒಂದಾಗು; ಆಮೇಲೆ ಬಂದು ಕಾಣಿಕೆ ಕೊಡು ಎಂದು ಏಸು ಹೇಳಿದ್ದಾರೆ” ಎಂದರು. ಸ್ವಲ್ಪ ತಡೆದು, “ನಿನಗೆ ಅವನ ಮೇಲೆ ಬೇಸರವಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎಂದು. ನಾನೂ ಬಹಳ ದಿನ ತಿರುಗಿಸಿಯೇ ಓದಿಕೊಂಡಿದ್ದೆ” ಎಂದರು.

ನನ್ನ ಕಡತದಲ್ಲಿ ಅಣ್ಣನ ಮೇಲಿನ ನನ್ನ ದೂರುಗಳಿಗೆಲ್ಲ ಕಾಗದವಿತ್ತು. ನನ್ನ ಮೇಲಿನ ಅವನ ದೂರಿಗೆ ಒಂದು ಹಾಳೆಯೂ ಇರಲಿಲ್ಲ. ಎರಡು ತಿಂಗಳು ಆಸ್ಪತ್ರೆಯ ಜಗಲಿಯಲ್ಲಿ ಮಲಗಿದವನು ಅವನು. ನಾನು ಎರಡು ಸಲ ಬಂದು, ರಜೆ ಮುಗಿಯಿತೆಂದು ಹೊರಟವನು. ಅದಕ್ಕೆ ಯಾವ ರಶೀದಿ?

ಹಿಂತಿರುಗುವ ಬಸ್ಸಿನಲ್ಲಿ ಪಂಚಾಂಗ ನೆನಪಾಯಿತು. ಆ ತಿಂಗಳ 30, ಸೋಮವಾರ, ಎಳ್ಳಮಾಸಿ. ಬೀದರ, ಕಲಬುರಗಿಯ ಕಡೆಯವರಿಗೆ ಈ ಹಬ್ಬದ ವಿಚಾರ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಪಾಂಡವರೆಂದು ಕಲ್ಲುಗಳನ್ನಿಟ್ಟು ಪೂಜೆಮಾಡಿ, ಬೆಳೆಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಹೊಲವಿಲ್ಲದವರನ್ನು, ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುತ್ತಾರೆ. ಅಂದು ಉಣ್ಣುವವನು ಎಷ್ಟು ದುಡಿದನೆಂದು ಯಾರೂ ಕೇಳುವುದಿಲ್ಲ. ದ್ರಾಕ್ಷಿತೋಟದ ಯಜಮಾನ ನಮ್ಮ ಕಡೆ ಹುಟ್ಟಿದ್ದರೆ ಎಳ್ಳಮಾಸಿಯ ದಿನ ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ.

ಒಂದು ದಿನದ ರಜೆ ಬರೆದುಕೊಟ್ಟು ಊರಿಗೆ ಹೋದೆ. ಫೋನು ಮಾಡಲಿಲ್ಲ, ಮಾಡಿದ್ದರೆ ಇಬ್ಬರಿಗೂ ಸಿದ್ಧತೆಗೆ ಹೊತ್ತು ಸಿಗುತ್ತಿತ್ತು. ಮನೆಗೆ ಬೀಗ, ಎಲ್ಲರೂ ಹೊಲದಲ್ಲಿದ್ದರು. ನಾನು ಬದುವಿನ ಮೇಲೆ ಬರುವುದನ್ನು ಮೊದಲು ಕಂಡವಳು ವೈನಿ. ಅವ್ವ ಸೆರಗು ಬಾಯಿಗೆ ಹಿಡಿದಳು. ಅಣ್ಣ ಕೊಂಪೆಯ ಹತ್ತಿರ ಬುಟ್ಟಿಯಿಂದ ಗಡಿಗೆ ಇಳಿಸುತ್ತಿದ್ದ. ಅಂಬಲಿಯ ಗಡಿಗೆ, ಭಾರ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕರಡು ಮಾಡಿಕೊಂಡಿದ್ದೆ. ಒಂದು ಮಾತೂ ಬರಲಿಲ್ಲ. ಹೋಗಿ ಗಡಿಗೆಗೆ ಕೈಕೊಟ್ಟೆ.

“ಹಗೂರ. ತುಳುಕ್ತದ” ಎಂದ ಅಣ್ಣ.

ಇಳಿಸಿದ ಮೇಲೆ, “ಬಸ್ಸು ಸಿಕ್ತೇನು?” ಎಂದು ಕೇಳಿದ. ಸಿಕ್ಕಿತೆಂದೆ. ಊಟವಾದ ಮೇಲೆ, ಬೇರೆಯವರು ಅತ್ತಿತ್ತ ಹೋದಾಗ, “ರಶೀದಿ ಕೇಳಿದ್ದು ನನ್ನ ತಪ್ಪು” ಎಂದೆ. ಅವನು ಬಹಳ ಹೊತ್ತು ಕಡಲೆಯ ಗಿಡ ಕಿತ್ತು ಕಾಯಿ ಬಿಡಿಸುತ್ತ ಕುಳಿತಿದ್ದ. ಬಿಡಿಸಿದ ಕಾಯಿಗಳನ್ನು ನನ್ನ ಅಂಗೈಗೆ ಹಾಕಿದ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಹೊಲದ ಪಾಲಿನ ಮಾತು ಇನ್ನೂ ಮುಗಿದಿಲ್ಲ, ಬೋರೂ ಬಿದ್ದಿಲ್ಲ. ಆದರೆ ಈಗ ಆ ಮಾತು ನಮ್ಮಿಬ್ಬರ ನಡುವೆ ನಡೆಯುತ್ತದೆ, ವಕೀಲರ ಮೂಲಕವಲ್ಲ. ಕಡತವನ್ನು ನಾನು ಹರಿದುಹಾಕಿಲ್ಲ. ಗುಮಾಸ್ತನಿಗೆ ಕಾಗದ ಹರಿಯುವ ಕೈ ಬರುವುದಿಲ್ಲ. ನೋಟೀಸಿನ ಕರಡಿನ ಹಿಂಬದಿಯಲ್ಲಿ ಮಗಳು ಒಂದು ಗೋಪುರದ ಚಿತ್ರ ಬರೆದಿದ್ದಾಳೆ. ಅದು ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ.

ನಮ್ಮ ಸಂಘದ ಮಿತ್ರರು ಮೆದಕಿಗೆ ಹೋಗಬಯಸಿದರೆ ಎರಡು ಸೂಚನೆಗಳು. ಸಿಕಂದರಾಬಾದಿನಿಂದ ಬಸ್ಸು ಧಾರಾಳವಾಗಿವೆ. 2022ರಿಂದ ಊರಿಗೆ ರೈಲುಮಾರ್ಗವೂ ಆಗಿದೆ. ಬೆಳಗ್ಗೆಯೇ ಹೋಗಿ ಸಂಜೆಯವರೆಗೆ ಇರಿ. ಕಿಟಕಿಗಳು ಎರಡು ಹೊತ್ತಿಗೆ ಎರಡು ಬಗೆಯಾಗಿ ಕಾಣುತ್ತವೆ. ನಾನಂತೂ ಇನ್ನೊಮ್ಮೆ ಹೋಗಬೇಕಾಗಿದೆ. ಮೊನ್ನೆ ಫೋನಿನಲ್ಲಿ ಅವ್ವನ ಬದಲು ಅಣ್ಣನೇ ಮಾತಾಡಿ, “ಆ ನಮ್ಮ ಮಾಂಜ್ರಾ ಹೋಗೋ ಊರು ನನಗೂ ತೋರಸು” ಎಂದಿದ್ದಾನೆ. ‘ಖಂಡಿತ’ ಎಂದಿದ್ದೇನೆ. ಈ ಸಲದ ‘ಖಂಡಿತ’ಕ್ಕೆ ತಾರೀಖೂ ಗೊತ್ತಾಗಿದೆ.